ಜಾಡು, ಮಾರು, ಹೊನ್ನು: ಕೋಲಾರದ ಗಣಿಯಲ್ಲಿ ಬಾಳಿದ ಹಳೆಯ ಇಂಗ್ಲಿಷ್ ಮಾತುಗಳು

ನಿಘಂಟಿನಲ್ಲಿ ಒಂದು ಶಬ್ದದ ಮುಂದೆ ‘ಪ್ರಾಚೀನ’ ಅಥವಾ ‘ಪ್ರಾಂತೀಯ’ ಎಂಬ ಗುರುತು ಬಿದ್ದಿದ್ದರೆ, ಆ ಶಬ್ದವನ್ನು ಪೇಟೆ-ಪಟ್ಟಣಗಳ ಬರಹಗಾರರು ಕೈಬಿಟ್ಟಿದ್ದಾರೆ ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಅದನ್ನು ದಿನವೂ ಆಡುವವರು ಬೇರೆಲ್ಲಾದರೂ ಇದ್ದಾರೆಯೇ ಎಂಬ ಪ್ರಶ್ನೆಗೆ ಆ ಗುರುತಿನಲ್ಲಿ ಉತ್ತರ ಸಿಗುವುದಿಲ್ಲ. ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್ ಪ್ರಾಂತದ ತವರ ಮತ್ತು ತಾಮ್ರದ ಗಣಿಗಳಲ್ಲಿ ಬೆಳೆದ ಹಲವು ಮಾತುಗಳು ತಮ್ಮ ತವರಿನಲ್ಲೇ ಕ್ರಮೇಣ ಗ್ರಂಥಸ್ಥವಾದವು. ಅವುಗಳಲ್ಲಿ ಕೆಲವು ಅಲ್ಲಿಂದ ಸಾವಿರಾರು ಮೈಲಿ ದೂರದ ಕೋಲಾರ ಚಿನ್ನದ ಗಣಿಗಳಿಗೆ ಬಂದು, ತಮಿಳು, ತೆಲುಗು, ಕನ್ನಡ ಆಡುವ ಕಾರ್ಮಿಕರ ಬಾಯಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ, 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಹಗಲಿರುಳೂ ದುಡಿದವು. ಕೆ.ಜಿ.ಎಫ್. ಎಂಬ ಮೂರಕ್ಷರದ ಊರನ್ನು ಅದರ ಚಿನ್ನದ ಲೆಕ್ಕದಿಂದಲೂ ಬಂಗಲೆಗಳಿಂದಲೂ ನೆನೆಯುವವರು ಬಹಳ ಮಂದಿ. ಅಲ್ಲಿ ಬಾಳಿದ ಮಾತುಗಳ ಲೆಕ್ಕ ಇಟ್ಟವರು ಕಡಿಮೆ, ಮತ್ತು ಆ ಲೆಕ್ಕವೂ ಚಿನ್ನದ ಲೆಕ್ಕದಷ್ಟೇ ಮುಖ್ಯವಾದದ್ದು.

ಈ ಮಾತುಗಳು ಇಲ್ಲಿಗೆ ಬಂದ ದಾರಿ ಸ್ಪಷ್ಟವಾಗಿದೆ. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರು ದಂಡುಪ್ರದೇಶದಲ್ಲಿ ನೆಲೆಸಿದ ಮೈಕೆಲ್ ಲಾವೆಲ್ 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿ, 1875ರಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದನು. ಆತನ ಹಕ್ಕುಗಳು ಕೈಬದಲಾಗಿ, 1880ರ ಹೊತ್ತಿಗೆ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಈ ನೆಲಕ್ಕೆ ಕಾಲಿಟ್ಟಿತು. 1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಕಾರ್ನ್‌ವಾಲಿನ ಗಣಿಗಾರರು ಕೆಲಸ ಕಳೆದುಕೊಂಡು, ನೆಲ ಅಗೆಯುವ ಜಾಗ ಎಲ್ಲಿದೆಯೋ ಅಲ್ಲಿಗೆ, ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಿಗೆ ಗುಳೆ ಹೊರಟಿದ್ದರು. ಆ ಗುಳೆಯ ಒಂದು ಕವಲು ಕೋಲಾರಕ್ಕೂ ಬಂತು. ಮೈಸೂರು ಗಣಿಯಲ್ಲಿ ಬಂಡವಾಳ ಹೆಚ್ಚುಕಡಿಮೆ ಮುಗಿಯುತ್ತಾ ಬಂದಿದ್ದಾಗ ಮುಖ್ಯ ಅದಿರನ್ನು ಕಂಡುಹಿಡಿದ ಪ್ಲಮ್ಮರ್‌ನನ್ನು ದಾಖಲೆಗಳು ‘ಕ್ಯಾಪ್ಟನ್’ ಎಂದು ಕರೆಯುತ್ತವೆ. ಕಾರ್ನ್‌ವಾಲಿನ ಗಣಿಯಲ್ಲಿ ನೆಲದಡಿಯ ಕೆಲಸದ ಮೇಲ್ವಿಚಾರಕನಿಗೆ ಕ್ಯಾಪ್ಟನ್ ಎನ್ನುವುದು ರೂಢಿಯಾಗಿತ್ತು, ಅದಕ್ಕೂ ಸೈನ್ಯಕ್ಕೂ ಸಂಬಂಧವಿಲ್ಲ. ಅಲ್ಲಿಯವರು ನೆಲದ ಮೇಲ್ಮೈಗೆ ‘ಗ್ರಾಸ್’, ಅಂದರೆ ಹುಲ್ಲು, ಎಂದೇ ಹೇಳುತ್ತಿದ್ದುದರಿಂದ, ಮೇಲೆ ನಿಂತು ಅದಿರಿನ ಕೆಲಸ ನೋಡುವವನು ‘ಗ್ರಾಸ್ ಕ್ಯಾಪ್ಟನ್’ ಎನಿಸಿಕೊಳ್ಳುತ್ತಿದ್ದನು, ಮತ್ತು ಪಾಳಿ ಮುಗಿಸಿ ಹೊರಬಂದವನು ‘ಹುಲ್ಲಿಗೆ ಬಂದ’ ಎನ್ನಿಸಿಕೊಳ್ಳುತ್ತಿದ್ದನು. ದಿನದ ಬೆಳಕನ್ನೇ ಕಾಣದೆ ದುಡಿದವರು ಮೇಲಿನ ಲೋಕವನ್ನು ಅದರ ಅತಿ ಸಾಮಾನ್ಯ ವಸ್ತುವಿನಿಂದ ಗುರುತಿಸಿದ್ದರಲ್ಲಿ ದೊಡ್ಡ ಅರ್ಥವಂತಿಕೆ ಇದೆ.

ಈ ಪದಸಂಪತ್ತಿನಲ್ಲಿ ಅತ್ಯಂತ ಹಳೆಯದೂ ಬಹುಶಃ ಅತ್ಯಂತ ಸುಂದರವಾದದ್ದೂ ‘ಲೋಡ್’ ಎಂಬ ಮಾತು. ಬಂಡೆಯ ಬಿರುಕಿನಲ್ಲಿ ಲೋಹದ ಅದಿರು ತುಂಬಿಕೊಂಡು ಉದ್ದಕ್ಕೆ ಹರಿದಂತೆ ಕಾಣುವ ಪಟ್ಟಿಗೆ, ಕನ್ನಡ ಭೂವಿಜ್ಞಾನದ ಪುಸ್ತಕಗಳಲ್ಲಿ ಸಿರೆ ಎಂದು ಕರೆಯುವುದಕ್ಕೆ, ಕಾರ್ನ್‌ವಾಲಿನವರು ಈ ಹೆಸರಿಟ್ಟರು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ದಾರಿ, ಪಯಣ, ಹಾದಿ. ಇಂದು ಹೊರೆ ಎಂಬರ್ಥದಲ್ಲಿ ಲಾರಿಗಳ ಮೇಲೆ ಕೂತಿರುವ ‘ಲೋಡ್’ ಕೂಡ ಇದೇ ಬೇರಿನದು. ದಾರಿಯಲ್ಲಿ ಸಾಗಿಸುವುದರಿಂದ ಸಾಗಿಸುವ ವಸ್ತುವಿಗೆ ಅರ್ಥ ಜಾರಿ, ಕಾಗುಣಿತ ಬೇರೆಯಾಯಿತು. ನಾವಿಕರಿಗೆ ದಾರಿ ತೋರುವ ಧ್ರುವ ನಕ್ಷತ್ರಕ್ಕೂ, ದಿಕ್ಕು ತೋರುವ ಸೂಜಿಗಲ್ಲಿಗೂ ಇಂಗ್ಲಿಷಿನಲ್ಲಿ ಈ ಮಾತು ಸೇರಿಸಿದ ಹಳೆಯ ಹೆಸರುಗಳಿವೆ. ಅದಿರಿನ ಜೊತೆಗೇ ಸಿಕ್ಕುವ ಬೆಲೆಯಿಲ್ಲದ ಕಲ್ಲಿಗೆ ಹೇಳುವ ‘ಗ್ಯಾಂಗ್’ ಎಂಬ ಪಾರಿಭಾಷಿಕ ಪದ ಫ್ರೆಂಚಿನ ಮೂಲಕ ಜರ್ಮನ್‌ನಿಂದ ಬಂದಿದ್ದು, ಅದರ ಮೂಲಾರ್ಥವೂ ನಡೆಯುವುದು, ಹಾದಿ ಎಂದೇ ಆಗಿದೆ. ಗಣಿಯೊಳಗೆ ಅಡ್ಡಡ್ಡಲಾಗಿ ಪ್ರವೇಶಿಸುವ ಸುರಂಗಕ್ಕೆ ಬಳಸುವ ‘ಆಡಿಟ್’ ಎಂಬುದರ ಲ್ಯಾಟಿನ್ ಮೂಲದ ಅರ್ಥ ಸಮೀಪಿಸುವುದು. ಹೀಗೆ ಮೂರು ಭಾಷೆಗಳು ಒಂದೇ ಕಲ್ಪನೆಗೆ ಬಂದು ನಿಂತಿವೆ: ಕಣ್ಣಿಗೆ ಕಾಣದ ಲೋಹವನ್ನು ಮನುಷ್ಯ ದಾರಿಯೆಂದು ಭಾವಿಸಿ ಬೆನ್ನು ಹತ್ತಿದ್ದಾನೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಮಾತು ‘ಜಾಡು’. ದಾರಿ ಎಂಬ ಅರ್ಥದ ಜೊತೆಗೆ ಸುಳಿವು, ಗುರುತು ಎಂಬ ಅರ್ಥವನ್ನೂ ಹೊತ್ತಿರುವ ಈ ಶಬ್ದ, ‘ಜಾಡು ಹಿಡಿದು ಹೋಗು’ ಎಂಬ ನುಡಿಗಟ್ಟಿನಲ್ಲಿ ಲೋಡ್ ಎಂಬುದರ ಪೂರ್ಣ ಆಶಯವನ್ನು ಹಿಡಿಯುತ್ತದೆ. ಸಿರೆ ಎಂಬ ಪಠ್ಯಪುಸ್ತಕದ ಪದಕ್ಕಿಂತ ಇದೇ ಗಣಿಗಾರನ ಮನಸ್ಸಿಗೆ ಹತ್ತಿರ.

ಇದೇ ವಸ್ತುವಿಗೆ ಕೋಲಾರದಲ್ಲಿ ಎರಡನೆಯ ಹೆಸರೂ ಇತ್ತು. ಸಮುದ್ರದಲ್ಲಿ ನೀರಿನ ಮೇಲೆ ಬೆನ್ನು ಎತ್ತಿ ನಿಂತ ಬಂಡೆಸಾಲಿಗೆ ‘ರೀಫ್’ ಎನ್ನುತ್ತಾರೆ, ಮೂಲ ಅರ್ಥ ಪಕ್ಕೆಲುಬು. ಆಸ್ಟ್ರೇಲಿಯದ ಚಿನ್ನದ ಬಯಲುಗಳಲ್ಲಿ ನೆಲದಿಂದ ಎದ್ದು ಕಾಣುವ ಬಿಳಿಯ ಬೆಣಚುಕಲ್ಲಿನ ಸಾಲುಗಳಿಗೆ ಈ ಕಡಲಿನ ಮಾತು ಅಂಟಿಕೊಂಡಿತು. ಕಾರ್ನ್‌ವಾಲಿನಿಂದ ಬಂದ ಲೋಡ್ ಮತ್ತು ಆಸ್ಟ್ರೇಲಿಯದಿಂದ ಬಂದ ರೀಫ್ ಎರಡೂ ಕೋಲಾರದಲ್ಲಿ ಸಂಧಿಸಿದವು. ಸುಮಾರು ಎಂಟು ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಮುಖ್ಯ ಅದಿರುಪಟ್ಟಿಯನ್ನು ಭೂವಿಜ್ಞಾನಿಗಳು ‘ಚಾಂಪಿಯನ್ ಲೋಡ್’ ಎಂದು ಬರೆದರೆ, ಅದನ್ನು ಅಗೆದ ಗಣಿಗೂ ಅದರ ಸುತ್ತ ಬೆಳೆದ ಊರಿಗೂ ‘ಚಾಂಪಿಯನ್ ರೀಫ್’ ಎಂಬ ಹೆಸರು ನಿಂತಿತು. ಕಡಲನ್ನೇ ಕಾಣದ, ಮಳೆಗೂ ತತ್ವಾರವಿರುವ ಕೋಲಾರದ ಬಯಲಿನ ಒಂದು ಊರಿಗೆ ಕಡಲಬಂಡೆಯ ಹೆಸರು ಬಂದ ಬಗೆ ಇದು.

ಈ ಜಾಡು ನೆಲದೊಳಗೆ ಪಶ್ಚಿಮಕ್ಕೆ ಓರೆಯಾಗಿ ಇಳಿಯುತ್ತದೆ. ಓರೆಯಾದ ಪಟ್ಟಿಯನ್ನು ಅಗೆಯುವವನ ತಲೆಯ ಮೇಲೆ ಒಂದು ಬಂಡೆಗೋಡೆ ಬಾಗಿರುತ್ತದೆ, ಕಾಲ ಕೆಳಗೆ ಇನ್ನೊಂದು ಗೋಡೆ ಇರುತ್ತದೆ. ಮೇಲಿನದನ್ನು ‘ಹ್ಯಾಂಗಿಂಗ್ ವಾಲ್’ ಎಂದೂ, ಅಂದರೆ ತೂಗುವ ಗೋಡೆ ಎಂದೂ, ಕೆಳಗಿನದನ್ನು ‘ಫುಟ್ ವಾಲ್’ ಎಂದೂ, ಅಂದರೆ ಪಾದದ ಗೋಡೆ ಎಂದೂ ಕರೆದರು. ದೀಪವನ್ನು ತೂಗುಹಾಕಲು ಅನುಕೂಲವಾದ ಗೋಡೆ ಮತ್ತು ನಿಲ್ಲಲು ಅನುಕೂಲವಾದ ಗೋಡೆ ಎಂದು ಕೆಲವರು ಇದನ್ನು ವಿವರಿಸುತ್ತಾರೆ. ಹೇಗೇ ವಿವರಿಸಿದರೂ, ಇವು ಒಬ್ಬ ಮನುಷ್ಯನ ಮೈಯನ್ನು ಅಳತೆಯಾಗಿಟ್ಟು ಹುಟ್ಟಿದ ಮಾತುಗಳು, ಭೂಮಿಯ ಒಳಗನ್ನು ತಲೆ ಮತ್ತು ಪಾದಗಳ ನಡುವಿನ ಜಾಗವಾಗಿ ಕಂಡವನ ಮಾತುಗಳು. ಕೋಲಾರದಲ್ಲಿ ಆಳಕ್ಕೆ ಹೋದಂತೆ ಪಟ್ಟಿ ನೆಟ್ಟಗಾಗುತ್ತಾ ಹೋಗಿ ಹೆಚ್ಚುಕಡಿಮೆ ಲಂಬವೇ ಆಯಿತು. ಆಗ ತೂಗುವ ಗೋಡೆ ತೂಗಲಿಲ್ಲ, ಪಾದದ ಗೋಡೆಯ ಮೇಲೆ ಪಾದ ಊರುವಂತಿರಲಿಲ್ಲ, ಎರಡೂ ಕೆಲಸಗಾರನ ಎಡಬಲಕ್ಕೆ ಬಂದು ನಿಂತವು. ಆದರೂ ಹೆಸರು ಬದಲಾಗಲಿಲ್ಲ. ಇಂಥಲ್ಲಿ ಭಾಷೆ ತಾನು ಹುಟ್ಟಿದ ಸನ್ನಿವೇಶವನ್ನು ಸನ್ನಿವೇಶ ಮರೆಯಾದ ಮೇಲೂ ಕಾಪಾಡಿಕೊಂಡು ಬಂದಿರುವುದು ಕಣ್ಣಿಗೆ ಕಟ್ಟುತ್ತದೆ.

ಅಗೆಯುವ ಜಾಗಕ್ಕೆ ‘ಸ್ಟೋಪ್’ ಎಂಬ ಹೆಸರು. ಇಂಗ್ಲಿಷಿನಲ್ಲಿ ಮೆಟ್ಟಿಲನ್ನು ಸೂಚಿಸುವ ‘ಸ್ಟೆಪ್’ ಶಬ್ದದೊಂದಿಗೆ ಇದಕ್ಕೆ ನಂಟಿದೆ ಎಂದು ವಿದ್ವಾಂಸರು ಊಹಿಸುತ್ತಾರೆ, ಏಕೆಂದರೆ ಅದಿರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ತೆಗೆಯಲಾಗುತ್ತಿತ್ತು. ಒಂದು ಅಂತಸ್ತಿನಿಂದ ಕೆಳಗಿನ ಅಂತಸ್ತಿಗೆ ಗಣಿಯೊಳಗೇ ತೋಡುವ ಕಿರುಬಾವಿ ‘ವಿಂಜ್’. ಸುತ್ತುವ ರಾಟೆಯ ಕೆಲಸವನ್ನು ಹೇಳುವ ‘ವೈಂಡ್’ ಎಂಬುದರಿಂದ ಹುಟ್ಟಿರಬಹುದಾದ ಈ ರೂಪ ಗಣಿಯ ಹೊರಗೆ ಇಂಗ್ಲಿಷ್ ಬಲ್ಲವರಿಗೂ ಅಪರಿಚಿತ. ಇವೆಲ್ಲಕ್ಕಿಂತ ವಿಚಿತ್ರವಾದ ಚರಿತ್ರೆ ‘ಸಾಲರ್’ ಎಂಬುದರದು. ಲ್ಯಾಟಿನ್ನಿನಲ್ಲಿ ಸೂರ್ಯನ ಹೆಸರಿನಿಂದ ಹುಟ್ಟಿ, ಬಿಸಿಲು ಬೀಳುವ ಮೇಲುಮಹಡಿಯ ಕೋಣೆ ಎಂಬ ಅರ್ಥದಲ್ಲಿ ಹಳೆಯ ಇಂಗ್ಲಿಷಿಗೆ ಬಂದ ಈ ಶಬ್ದ, ಮಧ್ಯಯುಗದ ಮನೆಗಳಲ್ಲಿ ಉಪ್ಪರಿಗೆಯಾಗಿತ್ತು. ಮನೆಗಳಿಂದ ಅದು ಮರೆಯಾದರೂ ಕಾರ್ನ್‌ವಾಲಿನ ಗಣಿಗಳಲ್ಲಿ, ಏಣಿಯಿಂದ ಏಣಿಗೆ ಇಳಿಯುವಾಗ ಕಾಲೂರಲು ಬಾವಿಯೊಳಗೆ ಹಾಸಿದ ಹಲಗೆಯ ಅಟ್ಟಕ್ಕೆ ಹೆಸರಾಗಿ ಉಳಿಯಿತು. ಬಿಸಿಲಿನ ಉಪ್ಪರಿಗೆ ಕತ್ತಲೆಯ ಅಟ್ಟವಾಯಿತು. ಆ ಹಲಗೆಯ ಮೇಲೆ ನಿಂತು ಉಸಿರು ತೆಗೆದುಕೊಂಡ ಯಾರಿಗೂ ಕಾಲ ಕೆಳಗಿನ ಶಬ್ದದಲ್ಲಿ ಸೂರ್ಯನಿದ್ದಾನೆ ಎಂದು ತಿಳಿದಿರಲಾರದು.

ಹೇರುವ, ಏರಿಸುವ ಸಲಕರಣೆಗಳ ಹೆಸರುಗಳು ಇದಕ್ಕಿಂತ ಸರಳ. ಬಾವಿ ತೋಡುವಾಗ ಬಳಸುವ ಕಬ್ಬಿಣದ ತೊಟ್ಟಿ ‘ಕಿಬ್ಬಲ್’ ಜರ್ಮನ್ ಮೂಲದ್ದು. ಅದಿರನ್ನು ಮೇಲೆತ್ತುವ ‘ಸ್ಕಿಪ್’ ಸ್ಕ್ಯಾಂಡಿನೇವಿಯದ ಬುಟ್ಟಿ, ನಮ್ಮ ಮಂಕರಿಯ ದೂರದ ಬಂಧು. ಮನುಷ್ಯರನ್ನು ಇಳಿಸಿ ಏರಿಸುವ ‘ಕೇಜ್’ ಹೆಸರೇ ಹೇಳುವಂತೆ ಪಂಜರ. ದ್ರಾವಿಡ ನುಡಿಗಳ ರೂಢಿಯಂತೆ ಕೊನೆಗೊಂದು ಉಕಾರ ಪಡೆದು ಇವು ಶಾಫ್ಟು, ಸ್ಕಿಪ್ಪು, ಕೇಜು, ಲೆವೆಲ್ಲು, ಶಿಫ್ಟು ಎಂದಾಗಿ ಕಾರ್ಮಿಕರ ‘ಲೈನು’ಗಳಲ್ಲಿ, ಅಂದರೆ ಸಾಲುಮನೆಗಳಲ್ಲಿ, ಅಡುಗೆಮನೆಯ ಮಾತುಗಳಷ್ಟೇ ಸಲೀಸಾದವು. ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಸೀಮೆಗಳಿಂದ ಬಂದು ಅಕ್ಷರವನ್ನೇ ಕಲಿಯದಿದ್ದ ಹಿರಿಯರೂ ಇವನ್ನು ಇಂಗ್ಲಿಷ್ ಎಂದು ಬಗೆದು ಆಡಲಿಲ್ಲ, ಕೆಲಸದ ಮಾತು ಎಂದು ಆಡಿದರು. ಶಾಫ್ಟಿನ ಬಾಯಲ್ಲಿ ನಿಂತು ಗಂಟೆಯ ಸಂಕೇತದಿಂದ ಪಂಜರದ ಚಲನೆಯನ್ನು ನಿಯಂತ್ರಿಸುವವನು ‘ಬ್ಯಾಂಕ್ಸ್‌ಮನ್’. ಇಲ್ಲಿ ಬ್ಯಾಂಕ್ ಎಂದರೆ ಹಣ ಇಡುವ ಜಾಗವಾಗಿರದೆ ಗಣಿಯ ಬಾಯಿಯ ಸುತ್ತಲಿನ ದಿಣ್ಣೆಯಾಗಿದ್ದು, ಈ ಹಳೆಯ ಅರ್ಥ ಭಾರತದ ಲೋಹಗಣಿಗಳ 1961ರ ನಿಯಮಾವಳಿಯಲ್ಲಿಯೂ ಹುದ್ದೆಯ ಹೆಸರಾಗಿ ಮುಂದುವರಿದಿದೆ. ಕೂಲಿಯಾಳುಗಳನ್ನು ಕರೆತಂದು ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಯ ಹೆಸರು ಮಾತ್ರ ಇಂಗ್ಲಿಷಿನದಲ್ಲ, ಅದಕ್ಕೂ ಹಿಂದೆ ಬಂದ ಪೋರ್ಚುಗೀಸರದು.

ಆಳವನ್ನು ಕಾರ್ನ್‌ವಾಲಿನವರು ‘ಫ್ಯಾದಮ್’ ಲೆಕ್ಕದಲ್ಲಿ ಅಳೆದರು. ಎರಡು ತೋಳುಗಳನ್ನು ಅಗಲಕ್ಕೆ ಚಾಚಿದಾಗ ಒಂದು ಬೆರಳತುದಿಯಿಂದ ಇನ್ನೊಂದರವರೆಗೆ ಇರುವ ಆರಡಿಯ ಉದ್ದ ಇದು. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ಅಪ್ಪುಗೆ ಎಂಬ ಅರ್ಥವೂ ಇತ್ತು, ಮುಂದೆ ಆಳವನ್ನು ಅರಿಯುವುದು ಎಂಬ ಅರ್ಥವೂ ಬೆಳೆಯಿತು. ಕನ್ನಡದ ‘ಮಾರು’ ಅಕ್ಷರಶಃ ಇದೇ ಅಳತೆ. ಬಂಗಾರಪೇಟೆಯ ಸಂತೆಯಲ್ಲಿ ಹೂವಾಡಗಿತ್ತಿಯು ಮೊಳಕ್ಕೆ ಇಷ್ಟು, ಮಾರಿಗೆ ಇಷ್ಟು ಎಂದು ಸೇವಂತಿಗೆಯ ಬೆಲೆ ಹೇಳುವಾಗ ತೋಳು ಚಾಚುವ ರೀತಿಯೂ, ಗಣಿಯಲ್ಲಿ ಹಗ್ಗವನ್ನು ತೋಳಿನಿಂದ ಅಳೆದವನ ರೀತಿಯೂ ಒಂದೇ. ಚಾಂಪಿಯನ್ ರೀಫ್ ಗಣಿ ಕೊನೆಗೆ ಮುಟ್ಟಿದ ಸುಮಾರು 3,200 ಮೀಟರ್ ಆಳವನ್ನು ಈ ಹಳೆಯ ಲೆಕ್ಕಕ್ಕೆ ತಂದರೆ ಸುಮಾರು 1,750 ಮಾರುಗಳಾಗುತ್ತವೆ. ಮೀಟರಿನ ಸಂಖ್ಯೆ ದೊಡ್ಡದಾಗಿ ಕಂಡರೂ, ಒಬ್ಬರ ಕೆಳಗೊಬ್ಬರಂತೆ ತೋಳು ಚಾಚಿದ ಸಾವಿರದ ಏಳುನೂರ ಐವತ್ತು ಜನರ ಸಾಲು ಆ ಆಳದ ಅರಿವನ್ನು ಮನಸ್ಸಿಗೆ ಹೆಚ್ಚು ಹತ್ತಿರ ತರುತ್ತದೆ.

ಕೆಲವು ಮಾತುಗಳು ಇಂಗ್ಲಿಷಿಗೂ ಹಿಂದಿನವು. ಕಾರ್ನ್‌ವಾಲಿಗೆ ವೆಲ್ಷ್ ಮತ್ತು ಬ್ರೆಟನ್ ನುಡಿಗಳ ಒಡಹುಟ್ಟಾದ ಕಾರ್ನಿಷ್ ಎಂಬ ಸ್ವಂತ ಭಾಷೆ ಇತ್ತು. ಆ ಭಾಷೆಯನ್ನು ತಾಯ್ನುಡಿಯಾಗಿ ಆಡಿದ ಕೊನೆಯವಳೆಂದು ಸಾಂಪ್ರದಾಯಿಕವಾಗಿ ಹೇಳಲಾಗುವ ಡಾಲಿ ಪೆಂಟ್ರೀತ್ ಎಂಬ ಮೀನುಗಾರ ಹೆಂಗಸು 1777ರಲ್ಲಿ ತೀರಿಕೊಂಡಳು. ಭಾಷೆ ಹೋದ ಮೇಲೂ ಅದರ ಗಣಿಮಾತುಗಳು ಹೋಗಲಿಲ್ಲ. ಬಂಡೆಯೊಳಗಿನ, ಹರಳುಗಳು ಅಂಚುಕಟ್ಟಿದ ಪೊಳ್ಳಿಗೆ ಹೇಳುವ ‘ವಗ್’, ಅದಿರಿನ ಜಾಡು ಹುಡುಕಲು ನೆಲದ ಮೇಲೆ ತೋಡುವ ಗುಂಡಿಗೆ ಹೇಳುವ ‘ಕಾಸ್ಟೀನ್’ ಅಂಥವು. ಎರಡನೆಯದರ ಮೂಲಾರ್ಥ ‘ಉದುರಿದ ತವರ’ ಎಂದು ನಿಘಂಟುಗಳು ಹೇಳುತ್ತವೆ. ಕರ್ನಾಟಕದ ಭೂವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಕಲಿಯುವ ಈ ಪದಗಳಲ್ಲಿ, ಮಡಿದ ಭಾಷೆಯೊಂದರ ಉಸಿರಿದೆ. ಕನ್ನಡಕ್ಕೂ ಇಂಥ ನಷ್ಟ ಹೊಸದಲ್ಲ. ‘ಜಲಗಾರ’ ಎಂದರೆ ಬೀದಿ ಗುಡಿಸುವವನು ಎಂಬ ಅರ್ಥವನ್ನು ಕುವೆಂಪು ಅವರ ನಾಟಕದಿಂದ ಎಲ್ಲರೂ ಬಲ್ಲರು. ಮಣ್ಣನ್ನೋ ಕೆಸರನ್ನೋ ತೊಳೆದು ಅದರಿಂದ ಚಿನ್ನ-ಬೆಳ್ಳಿಯ ಕಣ ಹೆಕ್ಕಿ ಬದುಕುವವನು ಎಂಬ ಅರ್ಥ ಹಿಂದೆ ಸರಿದಿದೆ.

ಅಂಥ ತೊಳೆಯುವಿಕೆಯೇ ಕೋಲಾರದ ಚಿನ್ನವನ್ನು ಯುರೋಪಿನ ಗಮನಕ್ಕೆ ತಂದದ್ದು. ಟಿಪ್ಪುವಿನ ಪತನದ ನಂತರ ಮೈಸೂರಿನ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್ 1802ರಲ್ಲಿ, ಉರಿಗಾಂ ಮತ್ತು ಮಾರಿಕುಪ್ಪಂ ಕಡೆಯ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು ತನ್ನೆದುರೇ ಮಾಡಿಸಿ ನೋಡಿದನು. ಮಣ್ಣಿಗೆ ನೀರು ಬೆರೆಸಿ ಪಾತ್ರೆಯನ್ನು ಮೆಲ್ಲನೆ ಕುಲುಕುತ್ತಾ ಹೋದರೆ, ಹಗುರವಾದ ಮಣ್ಣು ನೀರಿನೊಡನೆ ಅಂಚು ದಾಟಿ ಹರಿದುಹೋಗುತ್ತದೆ, ಭಾರವಾದ ಕಪ್ಪು ಮರಳು ತಳದಲ್ಲಿ ಅರ್ಧಚಂದ್ರಾಕಾರವಾಗಿ ನಿಲ್ಲುತ್ತದೆ, ಕಡೆಗೆ ಆ ಮರಳಿನ ಅಂಚಿನಲ್ಲಿ ಒಂದು ಹಳದಿ ಗೆರೆ ಕಾಣಿಸಿಕೊಳ್ಳುತ್ತದೆ. ಐವತ್ತು ಕಿಲೋ ಮೀರಿದ ಮಣ್ಣಿನಿಂದ ಸಿಕ್ಕುತ್ತಿದ್ದುದು ಸುಮಾರು ಒಂದು ‘ಗ್ರೇನ್’. ಗ್ರೇನ್ ಎಂದರೆ ಕಾಳು. ಜವೆಕಾಳಿನ ತೂಕದಿಂದ ಹುಟ್ಟಿದ ಈ ಮಾನ ಈಗಿನ ಲೆಕ್ಕದಲ್ಲಿ 64.8 ಮಿಲಿಗ್ರಾಂ, ಅಂದರೆ ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕದ ಸುಮಾರು ಅರ್ಧ. ಇಪ್ಪತ್ತನಾಲ್ಕು ಗ್ರೇನ್‌ಗಳಿಗೆ ಒಂದು ‘ಪೆನ್ನಿವೇಟ್’, ಎಂದರೆ ಹಳೆಯ ಬೆಳ್ಳಿಯ ಪೆನ್ನಿ ನಾಣ್ಯದ ತೂಕ. ಇಪ್ಪತ್ತು ಪೆನ್ನಿವೇಟ್‌ಗೆ ಒಂದು ಔನ್ಸು. ಇಂಗ್ಲೆಂಡಿನಲ್ಲಿ ಪೆನ್ನಿಯ ಬೆಳ್ಳಿ ಮಾಯವಾಗಿ ಬಹುಕಾಲ ಕಳೆದಿದ್ದರೂ, ಟನ್ ಅದಿರಿಗೆ ಇಷ್ಟು ಪೆನ್ನಿವೇಟ್ ಎಂದೇ ಕೋಲಾರದ ಗಣಿಗಳು ತಮ್ಮ ಅದಿರಿನ ಗುಣ ಅಳೆದವು. ಚಿನ್ನದ ಅಪ್ಪಟತನ ಹೇಳುವ ‘ಕ್ಯಾರಟ್’ ಅರಬ್ಬಿಯ ಮೂಲಕ ಗ್ರೀಕಿನಿಂದ ಬಂದ ಒಂದು ಬೀಜದ ಹೆಸರು. ಸಂಸ್ಕೃತದ ಮಾಷ ಉದ್ದಿನಕಾಳು. ಬ್ರಿಟಿಷರು ತೊಲವನ್ನು 180 ಗ್ರೇನ್ ಎಂದು ನಿಗದಿಪಡಿಸಿದಾಗ ಪೂರ್ವದ ಬೀಜವೂ ಪಶ್ಚಿಮದ ಕಾಳೂ ಒಂದೇ ತಕ್ಕಡಿಗೆ ಬಂದವು. ಅತಿ ಬೆಲೆಯುಳ್ಳದ್ದನ್ನು ತೂಗಲು ಎಲ್ಲ ನಾಡಿನವರೂ ಹೊಲದಿಂದ ಸಿಕ್ಕ ಕಾಳುಗಳನ್ನೇ ನಂಬಿದರು.

ಪದಗಳ ಈ ಸಾಗಾಟ ಒಮ್ಮುಖವಾಗಿರಲಿಲ್ಲ. ಯೂಲ್ ಮತ್ತು ಬರ್ನೆಲ್ 1886ರಲ್ಲಿ ಪ್ರಕಟಿಸಿದ ‘ಹಾಬ್ಸನ್-ಜಾಬ್ಸನ್’ ಎಂಬ ಆಂಗ್ಲೋ-ಇಂಡಿಯನ್ ಪದಕೋಶವನ್ನು ತೆರೆದರೆ, ಚಿನ್ನದ ವರಾಹಕ್ಕೆ ಇಂಗ್ಲಿಷರು ಬಳಸುತ್ತಿದ್ದ ‘ಹೂನ್’ ಎಂಬ ಮಾತು ಸಿಗುತ್ತದೆ; ಅದು ಕನ್ನಡದ ಹೊನ್ನು. ಹಳಗನ್ನಡದ ‘ಪೊನ್’ ಪಕಾರ ಕಳೆದು ಹಕಾರ ಪಡೆದ ಮೇಲೆ ಹೊರಗೆ ಹೋದ ಪದ ಇದು ಎಂಬುದಕ್ಕೆ ಅದರ ಮೊದಲ ಅಕ್ಷರವೇ ಸಾಕ್ಷಿ. ದುರ್ಗ ‘ಡ್ರೂಗ್’ ಆಯಿತು, ಆ ರೂಪದಲ್ಲೇ ನಂದಿದುರ್ಗ ಗಣಿ ‘ನಂಡಿಡ್ರೂಗ್’ ಎಂಬ ಹೆಸರಿನಿಂದ ಲಂಡನ್ನಿನ ಷೇರುಪೇಟೆಯನ್ನು ಮುಟ್ಟಿತು. ಪೇಟೆ ‘ಪೆಟ್ಟಾ’ ಆಯಿತು. ಇವೆಲ್ಲ ಇಂದು ಇಂಗ್ಲಿಷಿನಲ್ಲಿ ಬಳಕೆ ತಪ್ಪಿದ ಪದಗಳು, ಕನ್ನಡದಲ್ಲಿ ದಿನಬಳಕೆಯವು.

ಇನ್ನೂ ಕುತೂಹಲದ ಸಂಗತಿ ಬಂಗಾರಪೇಟೆಯದು. ಚಿನ್ನದ ಗಣಿಗೆ ಕವಲೊಡೆಯುವ ರೈಲುಮಾರ್ಗದ ಈ ಜಂಕ್ಷನ್ ಊರಿಗೆ, 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ನೆನಪಿನಲ್ಲಿ ‘ಬೌರಿಂಗ್‌ಪೇಟೆ’ ಎಂದು ಹೆಸರಿತ್ತು. ಆ ಹೆಸರು ಮುಂದೆ ಬಂಗಾರಪೇಟೆಯಾಯಿತು. ಅರ್ಥ ಹೊಳೆಯದ ಪರಕೀಯ ಶಬ್ದವನ್ನು ಅದರ ದನಿಗೆ ಹತ್ತಿರವಾದ, ಅರ್ಥವುಳ್ಳ ಸ್ವಂತ ಶಬ್ದಕ್ಕೆ ತಿರುಗಿಸಿಕೊಳ್ಳುವ ಪ್ರವೃತ್ತಿಯನ್ನು ಭಾಷಾಶಾಸ್ತ್ರ ಜನನಿರುಕ್ತಿ ಎಂದು ಕರೆಯುತ್ತದೆ. ಬೌರಿಂಗ್‌ನ ಮೊದಲಕ್ಷರವನ್ನೂ ಅನುಸ್ವಾರವನ್ನೂ ಉಳಿಸಿಕೊಂಡು, ಪಕ್ಕದ ಊರಿನ ಚಿನ್ನವನ್ನು ತನ್ನ ಹೆಸರಿಗೆ ಬರಮಾಡಿಕೊಂಡ ಈ ರೂಪಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡನಾಡಿನಲ್ಲಿ ಸಿಗುವುದು ಕಷ್ಟ. ನೆರೆಯ ರಾಬರ್ಟ್‌ಸನ್‌ಪೇಟೆಯೂ ಆಂಡರ್ಸನ್‌ಪೇಟೆಯೂ ಮಾತ್ರ ಹಳೆಯ ಹೆಸರುಗಳಲ್ಲೇ ಉಳಿದಿವೆ.

ಸಾವಿನ ಜೊತೆ ಹೆಣೆದುಕೊಂಡ ಮಾತುಗಳೂ ಇದ್ದವು. ಆಳದ ಒತ್ತಡಕ್ಕೆ ಬಂಡೆ ಹಠಾತ್ತನೆ ಸಿಡಿದು ಮನುಷ್ಯರನ್ನು ಹೂತುಹಾಕುವ ಅನಾಹುತವನ್ನು 20ನೆಯ ಶತಮಾನದ ಆರಂಭದ ವರದಿಗಳು ‘ಏರ್ ಬ್ಲಾಸ್ಟ್’ ಎಂದು ಕರೆದವು, ಗಾಳಿಯ ಹೊಡೆತವೇ ಕಾರಣವೋ ಎಂಬಂತೆ. ಕಾರಣ ಬಂಡೆಯೊಳಗೇ ಇದೆ ಎಂಬ ತಿಳಿವಳಿಕೆ ಗಟ್ಟಿಯಾದಂತೆ ‘ರಾಕ್ ಬರ್ಸ್ಟ್’ ಎಂಬ ಹೆಸರು ನೆಲೆಗೊಂಡಿತು. ಬೆಲೆಯಿಲ್ಲದ ಕಲ್ಲಿಗೆ ಕಾರ್ನ್‌ವಾಲಿನವರು ‘ಡೆಡ್ಸ್’, ಸತ್ತವು, ಎನ್ನುತ್ತಿದ್ದರು. ಅದಿರನ್ನು ಪುಡಿಮಾಡಿ ಸೈನೈಡಿನಿಂದ ಚಿನ್ನ ಸೆಳೆದ ಮೇಲೆ ಉಳಿಯುವ ಹುಡಿ ‘ಟೇಲಿಂಗ್ಸ್’, ಅಂದರೆ ಬಾಲದ ಕಡೆಯದು. ಊರಿನ ಬಾಯಲ್ಲಿ ಅದು ಸೈನೈಡ್ ದಿಬ್ಬ. ನೂರಿಪ್ಪತ್ತು ವರ್ಷಗಳಲ್ಲಿ ಈ ನೆಲದಿಂದ 800 ಟನ್ನಿಗೂ ಹೆಚ್ಚು ಚಿನ್ನ ಹೊರಬಂದಿತು. ಹೊರಟ ಚಿನ್ನಕ್ಕೆ ಇಲ್ಲಿ ಗುರುತಿಲ್ಲ, ಬಾಲ ಮಾತ್ರ ಗುಡ್ಡವಾಗಿ ನಿಂತಿದೆ, ಬೇಸಿಗೆಯ ಗಾಳಿಗೆ ಅದರ ಧೂಳು ಮನೆಗಳ ಒಳಗೆ ಬರುತ್ತದೆ.

ಕೋಲಾರದ ಗಣಿಗಳನ್ನು 1956ರಲ್ಲಿ ಮೈಸೂರು ರಾಜ್ಯವೂ, 1962ರಲ್ಲಿ ಕೇಂದ್ರವೂ ವಹಿಸಿಕೊಂಡು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಾಗ ಒಡೆತನದ ಹೆಸರುಗಳು ಬದಲಾದವೇ ಹೊರತು, ನೆಲದಡಿಯ ಮಾತುಗಳಿಗೆ ಏನೂ ಆಗಲಿಲ್ಲ. ಅವುಗಳನ್ನು ತಟ್ಟಿದ್ದು 2001ರ ಮುಚ್ಚುಗಡೆ. ಪಂಪುಗಳು ನಿಂತು ಶಾಫ್ಟುಗಳಿಗೆ ನೀರು ತುಂಬಿದ ಮೇಲೆ ಸ್ಟೋಪ್ ಎಂದಾಗಲಿ ವಿಂಜ್ ಎಂದಾಗಲಿ ಕರೆಯಬೇಕಾದ ಸಂದರ್ಭವೇ ಉಳಿಯಲಿಲ್ಲ. ಇವನ್ನು ಕೈಯಿಂದ ಬಲ್ಲವರು ಈಗ ಮುಪ್ಪಿನಲ್ಲಿದ್ದಾರೆ, ಅವರ ಮಕ್ಕಳು ಬೆಳಗಿನ ಜಾವದ ರೈಲು ಹಿಡಿದು ಬೇರೆ ಕೆಲಸದ ಬೇರೆ ಮಾತುಗಳಿಗಾಗಿ ಬೆಂಗಳೂರಿಗೆ ಹೋಗುತ್ತಾರೆ. ಕಮ್ಮಾರರ, ಕುಂಬಾರರ, ನೇಕಾರರ ವೃತ್ತಿಪದಗಳನ್ನು ಊರೂರು ಅಲೆದು ಕೂಡಿಹಾಕಿದ ಒಳ್ಳೆಯ ಪರಂಪರೆ ಕನ್ನಡದಲ್ಲಿದೆ. ಗಣಿ ಕಾರ್ಮಿಕರ ನುಡಿ ಇಂಗ್ಲಿಷ್ ಮೂಲದ್ದು, ತಮಿಳರ ಬಾಯಿಯದು ಎಂಬ ಕಾರಣಕ್ಕೆ ಅದನ್ನು ಆ ಪರಂಪರೆಯ ಹೊರಗಿಡುವುದು ನ್ಯಾಯವಲ್ಲ, ಏಕೆಂದರೆ ಅದು ಈ ನಾಡಿನ ನೆಲದೊಳಗೇ ನೂರು ವರ್ಷ ಬಾಳಿದ ನುಡಿ. ಸಂಗ್ರಹಿಸಲು ಹೊರಟವರು ಹೆಸರನ್ನಷ್ಟೇ ಬರೆದುಕೊಂಡರೆ ಸಾಲದು. ತೂಗುವ ಗೋಡೆ ಯಾವ ಕಡೆಗಿತ್ತು, ಬಂಡೆ ಸಿಡಿಯುವ ಮುನ್ನ ಯಾವ ಸದ್ದು ಕೇಳುತ್ತಿತ್ತು, ಆ ಸದ್ದಿಗೆ ತಮ್ಮೊಳಗೆ ಏನೆಂದು ಕರೆಯುತ್ತಿದ್ದರು ಎಂಬುದನ್ನೂ ಮಾರಿಕುಪ್ಪಂ, ಚಾಂಪಿಯನ್ ರೀಫ್, ಉರಿಗಾಂ ಲೈನುಗಳ ಹಿರಿಯರ ಬಳಿ ಕೂತು ಕೇಳಿ ದಾಖಲಿಸಬೇಕಾಗಿದೆ.